ಒದ್ದೆ ಗೋಣಿ

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಂಗಸು ನಿಂತುಕೊಂಡೇ ದೂರು ಹೇಳಿದಳು. ಹಿಂದಿನ ದಿನ ಗೋದಾಮಿನ ತಾರಸಿಗೆ ಡಾಂಬರು ಹಾಕುವಾಗ ಅವಳ ಗಂಡನ ಮುಖ, ಎದೆ, ಕೈಗಳು ಸುಟ್ಟಿದ್ದವು.

"ಕುಡಿದು ಡಾಂಬರಿನ ಡ್ರಮ್ಮು ಒದ್ದ ಅಂತಾರೆ ಗೋದಾಮಿನೋರು. ನಮ್ಮನೆಯೋರು ಕುಡಿಯೋರೇ ಅಲ್ಲ ಸರ್. ಇದು ಯಾರಿಂದ ಆಯ್ತು ಅಂತ ನನಗೆ ಗೊತ್ತಾಗ್ಬೇಕು."

"ಮೇಸ್ತ್ರಿ ಯಾರು?"

"ನನ್ನ ತಮ್ಮನೇ. ಆಸ್ಪತ್ರೆ ಬಿಟ್ಟು ಕದಲಿಲ್ಲ. ಕೇಳಿದ್ರೆ ಬರೀ ಅಳ್ತಾನೆ."

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಪಂಚನಾಮೆಗೆ ತಾರಸಿ ಹತ್ತಿದರು. ಡ್ರಮ್ಮು ಗ್ಯಾಸ್ ಒಲೆಯ ಮೇಲೆ ನೆಟ್ಟಗೆ ಕೂತಿತ್ತು.

"ಒದೆ ತಿಂದು ತಾನೇ ಎದ್ದು ಒಲೆ ಹತ್ತಿದೆ ಸರ್," ಎಂದ ಪೇದೆ. "ಬಲು ವಿಧೇಯ ಡ್ರಮ್ಮು."

ಇನ್‌ಸ್ಪೆಕ್ಟರ್ ನಗಲಿಲ್ಲ. ಉರುಳಿದ್ದರೆ ಡಾಂಬರು ಇಳಿಜಾರಿನ ಕಡೆಗಷ್ಟೇ ಹರಿಯುತ್ತಿತ್ತು. ಇಲ್ಲಿ ಡ್ರಮ್ಮಿನ ಬಾಯಿಯ ಸುತ್ತಲೂ ಉಕ್ಕಿ ಇಳಿದಿತ್ತು. ಗೋಡೆಯ ಮೇಲೆ ಆಳೆತ್ತರಕ್ಕೂ ಹನಿಗಳು ಸಿಡಿದಿದ್ದವು. ಅಷ್ಟು ಕಾದ ಡಾಂಬರಿನೊಳಗೆ ಬೊಗಸೆ ನೀರು ಹೋದರೂ ಸಾಕು, ಕ್ಷಣದಲ್ಲಿ ಆವಿಯಾಗಿ ಎಲ್ಲವನ್ನೂ ಮೇಲಕ್ಕೆಸೆಯುತ್ತದೆ. ಗಟ್ಟಿಯಾದ ಡಾಂಬರಿನಲ್ಲಿ ಒಂದು ಕೋಲು ಸಿಕ್ಕಿಕೊಂಡಿತ್ತು. ಡಾಂಬರು ಬಳಿಯಲು ತುದಿಗೆ ಗೋಣಿ ಸುತ್ತಿದಂಥದ್ದು. ಅಂಥವೇ ಇನ್ನೆರಡು ಕೋಲು ಮೂಲೆಯಲ್ಲಿ ಬಿದ್ದಿದ್ದವು. ಪೇದೆ ಅವುಗಳ ಗೋಣಿ ಹಿಂಡಿದಾಗ ನೀರು ತೊಟ್ಟಿಕ್ಕಿತು.

ಆಸ್ಪತ್ರೆಯ ಓಣಿಯಲ್ಲಿ ಮೇಸ್ತ್ರಿ ಗೋಡೆಗೊರಗಿ ನಿಂತಿದ್ದ.

"ಗೋಣಿ ಒದ್ದೆಯಿತ್ತಾ?"

"ಭಾನುವಾರ ಮಳೇಲಿ ನೆಂದಿತ್ತು ಸರ್."

"ಡ್ರಮ್ಮಿಗೆ ಅದ್ದಿದ್ದು ಯಾರು?"

"ನಾನೇ. ಒಳಗೇ ಒಣಗುತ್ತೆ ಅಂತ ಎಲ್ಲರೂ ಅದ್ದುತ್ತೀವಿ. ಚುರ್ ಅಂತ ಸುಮ್ಮನಾಗುತ್ತೆ. ಈ ಸಲ ತುಂಬ ನೆಂದಿತ್ತು. ಭಾವ ಬೇಡ ಅಂದ್ರು. ಹೆದರುಪುಕ್ಕಲ ಅಂತ ನಕ್ಕೆ. ಅವರು ಬೆಂಕಿ ಸಣ್ಣ ಮಾಡೋಕೆ ಬಗ್ಗಿದ್ರು, ಅಷ್ಟರಲ್ಲೇ ಅದ್ದಿಬಿಟ್ಟೆ."

"ಏನಷ್ಟು ಅವಸರ?"

"ಮತ್ತೆ ಮೋಡ ಕಟ್ಟಿತ್ತು."

"ಕುಡಿದಿದ್ರು ಅಂತ ಗೋದಾಮಿನೋರಿಗೆ ಹೇಳಿದ್ದು?"

"ಅದೂ ನಾನೇ. ಅಕ್ಕನಿಗೆ ಮುಖ ತೋರಿಸ್ಬೇಕಿತ್ತಲ್ಲ ಸರ್. ಈ ಕೆಲಸ ಕಲಿಸಿದ್ದೇ ಭಾವ."

ವಾರ್ಡಿನ ಬಾಗಿಲಲ್ಲಿ ಅಕ್ಕ ಎಲ್ಲ ಕೇಳಿಸಿಕೊಳ್ಳುತ್ತ ನಿಂತಿದ್ದಳು. ಅವಳಿಗೆ ಮತ್ತೆ ಹೇಳಬೇಕಾದದ್ದೇನೂ ಉಳಿದಿರಲಿಲ್ಲ.

ಬಂಧಿಸುತ್ತಿರುವುದಾಗಿ ಇನ್‌ಸ್ಪೆಕ್ಟರ್ ತಿಳಿಸಿದರು. ಅವಳು ತಮ್ಮನನ್ನು ನೋಡದೆಯೇ ಅಂದಳು, "ಎರಡು ಗಂಟೆಗೊಮ್ಮೆ ಇವರ ಮಗ್ಗುಲು ಬದಲಿಸ್ಬೇಕು, ಹೊತ್ತಾಯ್ತು. ಆ ಕಡೆ ಹಿಡಿಯೋಕೆ ಇನ್ಯಾರೂ ಇಲ್ಲ ಸರ್."

ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಅಕ್ಕ ತಮ್ಮ ಇಬ್ಬರೂ ಹಾಸಿದ ಬಟ್ಟೆಯ ಅಂಚು ಹಿಡಿದು ಗಾಯಾಳುವನ್ನು ಮೆಲ್ಲಗೆ ಹೊರಳಿಸಿದರು. ಬ್ಯಾಂಡೇಜಿನೊಳಗಿಂದ ಒಂದು ನರಳಿಕೆ ಬಂತು. ತಮ್ಮ ಅಂಚನ್ನು ನೇರ ಮಾಡಿ, ಪೇದೆಯ ಬಳಿ ಹೋಗಿ ನಿಂತ.

ಅವರು ಬಾಗಿಲು ದಾಟುವಾಗ ಅವಳು ಕೇಳಿದಳು:

"ಇನ್ನೆರಡು ಗಂಟೆ ಬಿಟ್ಟು ಆ ಕಡೆ ಯಾರು ಹಿಡೀತಾರೆ?"