ನಿಂಬೆವ್ವ ಲೆಫ್ಟ್

“ಮಾಸ್ತರ್ರಿ, ನೋಡ್ರಿ! ಎಲ್ಲಾ ಬಲಗೈಲೆ ಬರದೇನಿ.”

ನಿಂಬೆವ್ವ ಪಾಟಿ ಚಾಚಿದಳು. ಅಕ್ಷರಗಳೆಲ್ಲ ಸೊಟ್ಟಪಟ್ಟಗಿದ್ದವು.

ನಾಲ್ಕು ದಿನ ಮನೆಯಲ್ಲಿ ತಮ್ಮನ ತೊಟ್ಟಿಲು ತೂಗಿ ನಿನ್ನೆ ಶಾಲೆಗೆ ಬಂದರೆ, ಹಾಜರಿಯಲ್ಲಿ ಅವಳ ಹೆಸರನ್ನೇ ಕೂಗಿರಲಿಲ್ಲ. ಇಣುಕಿ ನೋಡಿದಳು. ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ‘ಲೆಫ್ಟ್’ ಎಂದು ಬರೆದಿತ್ತು.

ನಿಜಾಮರ ಕಾಲದ ಅಫಜಲಪುರದ ಆ ಶಾಲೆಯಲ್ಲಿ ಹಾಜರಿ ಪುಸ್ತಕ ಉರ್ದುವಿನಲ್ಲಿ, ಪಾಠ ಕನ್ನಡದಲ್ಲಿ, ದೌಲತರಾಯ ಮಾಸ್ತರರ ಗತ್ತು ಮಾತ್ರ ಇಂಗ್ಲಿಷಿನಲ್ಲಿ. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಒಂದು ಹಿಡಿ. ಅದನ್ನೇ ಬೆಳಗಿನಿಂದ ಸಂಜೆತನಕ ಎಲ್ಲೆಡೆ ಚೆಲ್ಲುತ್ತಿದ್ದರು. ಡ್ರಿಲ್ಲಿಗೆಂದು ಬೋರ್ಡಿನ ಮೇಲೆ ಬರೆದು ಕಲಿಸಿದ್ದರು: ಲೆಫ್ಟ್ ಅಂದರೆ ಎಡ.

ನಿಂಬೆವ್ವ ಎಡಚಿ. ಅದಕ್ಕೇ ಹೆಸರು ತೆಗೆದಿದ್ದಾರೆ ಎಂದುಕೊಂಡು ನಿನ್ನೆ ಸಂಜೆಯೆಲ್ಲ ಬಲಗೈಗೆ ಅಕ್ಷರ ಕಲಿಸಿದ್ದಳು. ಬೆರಳು ಇನ್ನೂ ನೋಯುತ್ತಿದ್ದವು.

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರೇ ನಕ್ಕ ಮೇಲೆ ಹುಡುಗರು ಸುಮ್ಮನಿರುತ್ತಾರೆಯೇ? ಅವರೂ ನಕ್ಕರು.

“ಹುಚ್ಚಿ! ಇಲ್ಲಿ ಲೆಫ್ಟ್ ಅಂದ್ರ ಎಡ ಅಲ್ಲಬೇ. ಸಾಲಿ ಬಿಟ್ಟಾಳ ಅಂತ. ನಿಮ್ಮಪ್ಪ ಖಂಡಪ್ಪನೇ ಬಂದು ಹೇಳ್ಯಾನ, ಹುಡುಗಿಗೆ ಓದು ಸಾಕು, ಕೂಸಿನ ಹಿಡಿಯಾಕ ಬೇಕು ಅಂತ.”

ಘತ್ತರಗಿಗೆ ಹೋಗಿದ್ದ ಅಪ್ಪ ಇವತ್ತು ಸಂಜೆ ಬರುವವನಿದ್ದ. ಹೋಗುವಾಗ ನಿಂಬೆವ್ವನಿಗೆ ಒಂದು ಮಾತೂ ಹೇಳಿರಲಿಲ್ಲ.

“ನಾ ಬಿಟ್ಟಿಲ್ಲಲ್ರಿ!”

“ಬಿಡಿಸಿದ್ರೂ ಹಂಗೇ ಬರೀತಾರ.”

ಬಿಟ್ಟವಳಿಗೂ ಬಿಡಿಸಿಕೊಂಡವಳಿಗೂ ಒಂದೇ ಮಾತು. ಎಂಥ ದೊಡ್ಡ ಭಾಷೆ!

ಹುಡುಗರು ಬಾಯಿ ಬಿಟ್ಟು ಕೇಳುತ್ತಿರುವುದು ಕಂಡು ಮಾಸ್ತರರಿಗೆ ಹುರುಪು ಬಂತು. “ಇನ್ನೊಂದು ಅರ್ಥ ಐತ್ರಲೇ. ಹತ್ತು ರೊಟ್ಟಿಯೊಳಗ ಹುಲೆಪ್ಪ ಒಂಬತ್ತು ತಿಂದ. ಒನ್ ಲೆಫ್ಟ್. ಅಂದ್ರ?”

“ನಾ ಅಷ್ಟು ತಿನ್ನಂಗಿಲ್ರಿ,” ಎಂದ ಹುಲೆಪ್ಪ.

“ಒಂದು ಉಳೀತು ಅಂತಲೇ, ದಡ್ಡ!”

ನಿಂಬೆವ್ವ ಪಾಟಿ ಎತ್ತಿಕೊಂಡು ಹೋಗಿ ತನ್ನ ಜಾಗದಲ್ಲಿ ಕುಳಿತಳು.

“ಯಾಕ ಕುಂತಿ?”

“ನೀವ ಬರದೀರಲ್ರಿ, ನಿಂಬೆವ್ವ ಉಳಿದಾಳ ಅಂತ.”

ಈ ಸಲ ಹುಡುಗರು ಮಾಸ್ತರರಿಗಾಗಿ ಕಾಯದೆ ನಕ್ಕರು. ಮಾಸ್ತರರು ಹಾಜರಿ ಪುಸ್ತಕ ನೋಡಿದರು, ಅವಳನ್ನು ನೋಡಿದರು, ಮೀಸೆ ತಿರುವಿಕೊಂಡರು.

“ನಿಮ್ಮಪ್ಪ ಹೂಂ ಅಂದ್ರ ನಾಳೆ ಹೆಸರು ಕೂಗ್ತೇನಿ,” ಎಂದು ಗೊಣಗಿದರು.

ಎಲ್ಲರೂ ನಗುತ್ತಿದ್ದರೂ ನಿಂಬೆವ್ವ ನಗಲಿಲ್ಲ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಅವನ ಮುಂದೆ ಒಂದೇ ಅರ್ಥದ ಮಾತು ಬೇಕು.

‘ಅಪ್ಪಾ, ನಾ ಸಾಲಿ ಬಿಡಂಗಿಲ್ಲ,’ ಎಂದು ತುಟಿಯೊಳಗೇ ಅಂದು ನೋಡಿದಳು. ದನಿ ನಡುಗಿತು. ಮತ್ತೊಮ್ಮೆ ಅಂದಳು.