ಆಹಾ ಅನ್ನಬಾರದ ಪಟ್ಟಣ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಆಗ ನಾನು ಆನೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದೆ. ಎರಡು ಕೈ ಬೇಕಾದದ್ದು ವಯಸ್ಸಾದ ಮೇಲೆ. ಆ ಕಾಲದಲ್ಲಿ ರತ್ನಗಂಬಪುರವೆಂಬ ರಾಜಧಾನಿಯಿತ್ತು. ಅದನ್ನು ಮಂತ್ರ ಊದಿ ಕಟ್ಟಿದವನು ಧೂಮಕೇಶಿ ಎಂಬ ಮಾಂತ್ರಿಕ. ಅಲ್ಲಿನ ಚೆಲುವು ನೋಡಿ "ಆಹಾ" ಅಂದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಅವನು ಅವರನ್ನು ಹೊತ್ತೊಯ್ದು ತನ್ನ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ.

ಮಾಬೋಜನೆಂಬ ಕಲ್ಲುಕುಟಿಗ ಪಟ್ಟಣ ನೋಡಲು ಹೋದ. "ಆಹಾ" ಅಂದ. ಮುಗಿಯಿತು.

ಅವನನ್ನು ಬಿಡಿಸಲು ತಂಗಿ ನಾಗಲೆ ಹೊರಟಳು. ಮಾಟ ಮುರಿಯುವ ಕಟ್ಟಳೆ ಇಷ್ಟೇ: ಒಂದೇ ಹಗಲಿನಲ್ಲಿ ಪಟ್ಟಣವನ್ನು ಕಾಲ್ನಡಿಗೆಯಲ್ಲಿ ನೋಡಿ, ಹೆಬ್ಬಾಗಿಲಲ್ಲಿ, ಅರಮನೆಯಲ್ಲಿ, ಸಂಗ್ರಹಾಲಯದಲ್ಲಿ ಒಂದೊಂದು ನಿಜವಾದ ಕುಂದು ಹೇಳಬೇಕು. ಸುಳ್ಳು ಹೇಳಿದರೆ ಅವಳೂ ಕಲ್ಲು.

ಹೆಬ್ಬಾಗಿಲಲ್ಲಿ ಕಲ್ಲಿನ ಸಿಂಹ ಬಾಯ್ತೆರೆಯಿತು. "ಹೇಗಿದೆ ನಮ್ಮ ಕಮಾನು?"

"ಮುಗಿಲು ಮುಟ್ಟಿದೆ. ದಣಿದು ಬಂದವರು ಕೂರೋದಕ್ಕೆ ಒಂದು ಕಟ್ಟೆ ಇಲ್ಲವಲ್ಲ, ಸಿಂಹಪ್ಪಾ?"

ಸಿಂಹ ಬಾಲ ಮಡಚಿ ದಾರಿ ಬಿಟ್ಟಿತು.

ಅರಮನೆಯಲ್ಲಿ ಚಿನ್ನದ ಗಿಳಿ ಕತ್ತು ಕೊಂಕಿಸಿತು. "ಹೇಗಿವೆ ನಮ್ಮ ಕಂಬಗಳು?"

"ಮುಖ ನೋಡಿಕೊಳ್ಳಬಹುದು. ಅಡುಗೆಮನೆಗೆ ಹೊಗೆಗಂಡಿ ಇಡೋದು ಮರೆತಿರಿ. ಬೇಯಿಸುವವರ ಕಣ್ಣು ಯಾವತ್ತಾದರೂ ನೋಡಿದ್ದೀಯೇನೇ?"

ಗಿಳಿ ರೆಕ್ಕೆಯಡಿ ತಲೆ ಹುದುಗಿಸಿ ದಾರಿ ಬಿಟ್ಟಿತು.

ಹೊತ್ತು ಇಳಿಯುವಷ್ಟರಲ್ಲಿ ಸಂಗ್ರಹಾಲಯ ಸೇರಿದಳು. ಕಲ್ಲುಜನರ ನಡುವೆ ಅಣ್ಣ ನಿಂತಿದ್ದ. ಉಸಿರಾಡುತ್ತಿದ್ದಾಗ ಅವನು ಅಷ್ಟು ಚೆಲುವನಾಗಿರಲಿಲ್ಲ. ಧೂಮಕೇಶಿ ನಕ್ಕ.

"ಇವನಲ್ಲಿ ಕುಂದು ಹೇಳು ತಾಯಿ. ನೆನಪಿರಲಿ, ನನ್ನ ಕಲ್ಲುಗಳಿಗೆಲ್ಲ ಕಿವಿಯಿದೆ."

ನಾಗಲೆ ಅಣ್ಣನ ಸುತ್ತ ಮೂರು ಸುತ್ತು ಬಂದಳು. ಕುಂದು ಗೊತ್ತಿಲ್ಲದೆ ಅಲ್ಲ.

"ಅವ್ವ ಸಾಯುವಾಗ ಇವನ ಹೆಸರು ಹಿಡಿದು ಕೂಗಿದಳು. ಇವನು ಎದುರುಮನೆಯಲ್ಲಿ ಪಗಡೆ ಆಡುತ್ತಿದ್ದ. ಕೇಳಿಸಿತು. ಬರಲಿಲ್ಲ. ಪರಸ್ಥಳಕ್ಕೆ ಹೋಗಿದ್ದ ಅಂತ ಊರಿಗೆಲ್ಲ ಹೇಳಿದವಳು ನಾನು."

ಮಾಂತ್ರಿಕ ಹಳೇ ಸುಣ್ಣದ ಹಾಗೆ ಉದುರಿಹೋದ. ಕಲ್ಲುಗಳು ಕೆಮ್ಮಿದವು, ಸೀನಿದವು, ಕಣ್ಣುಜ್ಜಿಕೊಂಡವು. ಗಂಡ ಹೆಂಡತಿಯನ್ನು ತಬ್ಬಿದ, ಅಪ್ಪ ಮಗಳನ್ನು ಎತ್ತಿಕೊಂಡ. ನಗಾರಿ ಎಷ್ಟು ಜೋರಾಗಿ ಬಡಿದರೆಂದರೆ ನನ್ನ ಎಡಗಿವಿ ಈಗಲೂ ಗುಂಯ್ ಅನ್ನುತ್ತದೆ.

ಮಾಬೋಜ ಮಾತ್ರ ತಲೆ ಎತ್ತಲಿಲ್ಲ. "ಎಲ್ಲರೆದುರು ಹೇಳಬೇಕಿತ್ತೇನೇ?"

"ಹೇಳದಿದ್ದರೆ ನೀನು ಕಲ್ಲಾಗಿಯೇ ಇರುತ್ತಿದ್ದೆ, ಅಣ್ಣಾ."

"ಇರುತ್ತಿದ್ದೆ. ಚೆನ್ನಾಗಿಯೇ ಇದ್ದೆ."

ದುಷ್ಟ ಅಳಿದ, ರಾಜ್ಯ ತಣ್ಣಗಾಯಿತು, ಎಲ್ಲರೂ ಸುಖವಾಗಿದ್ದರು. ಅಣ್ಣ ತಂಗಿಯೂ ಸುಖವಾಗಿದ್ದರು, ಬೇರೆ ಬೇರೆ ಊರುಗಳಲ್ಲಿ.