ನೂರ ತೊಂಬತ್ತು ಗ್ರಾಂ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ ಹಿರಿಯರು. ಅವರು ಕರಡಿಯನ್ನು ಕೇಳಿರಲಿಲ್ಲ. ಬಾಯಿಗೆ ಬಂದ ಡಬ್ಬ ತಲೆಯಿಂದ ಹೋಗಲಿಲ್ಲ ಅನ್ನುವುದು ಕರಡಿಯ ಗಾದೆ. ಇದು ಆ ಗಾದೆಯ ಕತೆ, ಅಪ್ಪಟ ನಿಜ. ಸುಳ್ಳಿದ್ದರೆ ಹೇಳಿದವನ ತಲೆಗೂ ಒಂದು ಡಬ್ಬ ಸಿಗಲಿ.

ರಸ್ತೆ ಕೆಲಸದವರು ಬೆಟ್ಟದ ಮೇಲೆ ಬಿಟ್ಟುಹೋದ ಹತ್ತು ಲೀಟರಿನ ಎಣ್ಣೆ ಡಬ್ಬಕ್ಕೆ ಒಂದು ತಾಯಿ ಕರಡಿ ಮೂತಿ ಹಾಕಿತ್ತು. ಹಾಕಿದ ಮೂತಿ ಆಚೆ ಬರಲಿಲ್ಲ. ಅದಾಗಿ ಆರು ದಿನ. ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಡಬ್ಬದ ಬಿರುಕಿನಿಂದ ಉಸಿರು ಮಾತ್ರ ಆಡುತ್ತಿತ್ತು. ಹಿಂದೆ ಎರಡು ಮರಿಗಳು.

"ಮೂರು ದಿನದಲ್ಲಿ ಸಿಕ್ಕಿದ್ರೆ ಉಳಿಯುತ್ತೆ," ಎಂದರು ಪ್ರಾಣಿವೈದ್ಯೆ. ಎಲ್ಲರಿಗೂ ಅವರು ಡಾಕ್ಟರಕ್ಕ. "ನಾಲ್ಕನೇ ದಿನ ಹೋದ್ರೆ ಹೂಳೋಕೆ ಹೋದಂಗೆ."

ಕೆಲಸ ಹೇಳುವುದಕ್ಕೆ ಸುಲಭ: ಹತ್ತಬೇಕು, ಹುಡುಕಬೇಕು, ಅರಿವಳಿಕೆಯ ಸೂಜಿ ಹೊಡೆದು ಮಲಗಿಸಬೇಕು, ಡಬ್ಬ ಕತ್ತರಿಸಬೇಕು. ಸೂಜಿ ಹಾರಿಸುವುದು ಗಾಳಿಯ ಒತ್ತಡದ ರೈಫಲು. ಅದನ್ನು ಹಿಡಿಯುವವನು ದಪ್ಪ ಕನ್ನಡಕದ ಸೋಡಾಬುಡ್ಡಿ. ಹೋದ ವರ್ಷ ಅವನ ಸೂಜಿ ಒಂದು ಗೇಣು ತಪ್ಪಿ, ಬೆದರಿದ ಚಿರತೆ ಬಾವಿಗೆ ಬಿದ್ದು ಸತ್ತಿತ್ತು. ಆಮೇಲೆ ಅವನು ರೈಫಲು ಮುಟ್ಟಿರಲಿಲ್ಲ. ಇದೂ ತಪ್ಪಿದರೆ ಇನ್ನೆಂದೂ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಹೇಳಿ ಹೊರಟಿದ್ದ. ಜೀಪು ಓಡಿಸಲು, ಹೆಜ್ಜೆ ಗುರುತು ಹಿಡಿಯಲು ಜೊತೆಗೆ ಬಂದವನು ಆ ಹೆಂಡತಿಯ ತಮ್ಮ, ಗಿಣಿ. ಒಮ್ಮೆ ಕೇಳಿದ ದನಿಯನ್ನು ಒಡೆಯನಿಗಿಂತ ಚೆನ್ನಾಗಿ ಆಡುವವನು, ಆದ್ದರಿಂದ ಆ ಹೆಸರು.

ಹೊರಡುವ ಮುಂಚೆ ಮೂವರೂ ಬಂದೂಕು ಮೇಸ್ತ್ರಿಯ ಅಂಗಡಿಗೆ ಹೋದರು. ಬೀಗ ರಿಪೇರಿಯವನಿಗೂ ಪಂಪು ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡ ಒಂದೂವರೆ ಬಾಗಿಲಿನ ಅಂಗಡಿ. ಮೇಜಿನ ಮೇಲೆ ಹಿತ್ತಾಳೆ ಚೂರು ತೂಗುವ ತಕ್ಕಡಿ. ಗುರಿ ನೋಡುವ ದುರ್ಬೀನನ್ನು, ಅಂದರೆ ಸ್ಕೋಪನ್ನು, ರೈಫಲಿಗೆ ಕಚ್ಚಿಸಿ ಹಿಡಿಯುವ ಎರಡು ಮೌಂಟುಗಳನ್ನು ಮೇಸ್ತ್ರಿ ತಾತ ಮುಂದಿಟ್ಟರು. ಒಂದು ಅಲ್ಯೂಮಿನಿಯಂ, ಕರ್ರಗೆ ಮಿಂಚುವುದು. ಇನ್ನೊಂದು ಒಂದೇ ತುಂಡಿನ ಉಕ್ಕು, ಮೇಲೆ ಎರಡು ದಪ್ಪ ಬಳೆ.

"ಅದು ಕುದುರೆ, ಇದು ಕೋಣ," ಎಂದರು ತಾತ.

ಸೋಡಾಬುಡ್ಡಿ ಎರಡನ್ನೂ ತೂಗಿದ. ನೂರ ನಲವತ್ತು, ಮುನ್ನೂರ ಮೂವತ್ತು. ಬೆಟ್ಟ ಹತ್ತುವಾಗ ಹುಲ್ಲುಕಡ್ಡಿಯೂ ಭಾರ ಎಂದು ನಂಬಿದವನು ಅವನು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧ ಕತ್ತರಿಸಿದ್ದ; ಟಿಪ್ಪಣಿ ಪುಸ್ತಕದ ರಟ್ಟು ಹರಿದಿದ್ದ; ಸ್ಕೋಪಿದೆಯಲ್ಲ ಎಂದು ನಳಿಗೆ ತುದಿಯ ಗುರಿಮೊಳೆಯನ್ನೂ ಬಿಚ್ಚಿ ಮನೆಯಲ್ಲಿಟ್ಟಿದ್ದ.

"ನೂರ ತೊಂಬತ್ತು ಗ್ರಾಂ ಉಳಿಯುತ್ತೆ. ಕುದುರೆ ಸಾಕು ತಾತ."

"ಕುದುರೆ ಕಾಲು ಜಾರಿದ್ರೆ?"

"ನಾನೇನು ಅದರ ಮೇಲೆ ಕೂತ್ಕೊಂಡು ಹೋಗ್ತೀನಾ?"

ತಾತ ಕೆಮ್ಮಿದರು. ಮೌಂಟು ಕೂರಿಸಿ, ಮೊಮ್ಮಗಳ ಉಗುರಿನ ಬಣ್ಣದಿಂದ ಪ್ರತಿ ಸ್ಕ್ರೂವಿನ ತಲೆಯಿಂದ ಮೌಂಟಿನ ಪಟ್ಟಿಯವರೆಗೆ ಸಣ್ಣ ಕೆಂಪು ಗೆರೆ ಎಳೆದರು. "ದಿನಾ ಬೆಳಿಗ್ಗೆ ಹಲ್ಲುಜ್ಜೋ ಮುಂಚೆ ಗೆರೆ ನೋಡು ಮಗಾ. ಗೆರೆ ಮುರಿದಿದ್ರೆ ಸ್ಕ್ರೂ ಅಲ್ಲಾಡಿದೆ, ಸ್ಕೋಪು ಸುಳ್ಳು ಹೇಳ್ತಿದೆ ಅಂತರ್ಥ."

ಆ ಮಾತೇ ಕುತ್ತಾಯಿತು. ಮರುದಿನ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಸೋಡಾಬುಡ್ಡಿ ಡೇರೆಯಿಂದ ತಲೆ ಹೊರಗೆ ಹಾಕುವಷ್ಟರಲ್ಲಿ ತಾತನ ಕೆಮ್ಮು ಕೇಳಿಸಿತು. "ಖೊಳ್ ಖೊಳ್! ಗೆರೆ ನೋಡ್ದ್ಯೇನೋ ಮಗಾ?" ತಾತ ಅಲ್ಲ, ಗಿಣಿ. ಟೀ ಕುಡಿಯುವಾಗ ಒಮ್ಮೆ, ಬೂಟು ಕಟ್ಟುವಾಗ ಒಮ್ಮೆ, ಸೋಡಾಬುಡ್ಡಿ ಪೊದೆಯ ಹಿಂದೆ ಕೂತಾಗ ಇನ್ನೊಮ್ಮೆ.

"ಬಾಯಿ ಮುಚ್ಚೋ! ನೋಡಲ್ಲ, ಏನೀಗ?" ಎಂದ ಸೋಡಾಬುಡ್ಡಿ. ನೋಡಲಿಲ್ಲ ಕೂಡ. ಬಾಮೈದ ಅಣಕಿಸಿ ಹೇಳಿದ ಬುದ್ಧಿಮಾತನ್ನು ಯಾವ ಭಾವ ತಾನೆ ಕೇಳಿದ್ದಾನೆ?

ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಈ ಬೆಟ್ಟ ದೂರದಿಂದಲೂ ನುಣ್ಣಗಿರಲಿಲ್ಲ. ಕೆಳಗೆ ಮುಳ್ಳುಕಾಡು, ಅದರ ಮೇಲೆ ಒಣಗಿದ ಹೊಳೆಯ ಹಾಸು, ಅದರ ಮೇಲೆ ಯಾರೋ ಲಾರಿಗಟ್ಟಲೆ ಸುರಿದು ಮರೆತಂತೆ ಸಡಿಲ ಕಲ್ಲುಗಳ ಇಳಿಜಾರು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರಿಸುತ್ತಿತ್ತು. ಹುಲ್ಲು ಬೂದಿಬಣ್ಣಕ್ಕೆ ತಿರುಗಿ, ನೀರಿನ ಗುಂಡಿಗಳೆಲ್ಲ ಬಿರಿದ ಕೆಸರಾಗಿದ್ದವು. ಆ ಕೆಸರಿನಲ್ಲಿ ಕರಡಿಯ ಹೆಜ್ಜೆ, ಎದುರಿಗೆ ಡಬ್ಬ ಒತ್ತಿದ ದುಂಡನೆಯ ಗುರುತು. ನೀರಿನ ವಾಸನೆ ಹಿಡಿದು ಬಂದು, ಕುಡಿಯಲಾಗದೆ, ತಲೆ ಕುಟ್ಟಿಕೊಂಡು ಹೋಗಿತ್ತು.

ಎರಡನೆಯ ದಿನ ಇಳಿಜಾರಿನಲ್ಲಿ ಸೋಡಾಬುಡ್ಡಿ ಉರುಳಿದ. ರೈಫಲು ಬಂಡೆಗೆ ಬಡಿಯಿತು. ಅವನು ಸ್ಕೋಪಿನ ಗಾಜು ನೋಡಿದ, ತನ್ನ ಕನ್ನಡಕ ನೋಡಿಕೊಂಡ, ಎರಡೂ ಒಡೆದಿರಲಿಲ್ಲ. ಗೆರೆ ನೋಡಲಿಲ್ಲ.

"ಈ ಚೀಲ ಯಾಕೋ ದಿನದಿನಕ್ಕೆ ಭಾರ ಆಗ್ತಿದೆ ಕಣೋ," ಎಂದು ಏದುಸಿರು ಬಿಟ್ಟ.

"ಮೇಲೆ ಹೋದಂಗೆ ಗಾಳಿ ತೆಳ್ಳಗಾಗುತ್ತೆ ಭಾವ. ಚೀಲ ದಪ್ಪ ಆಗುತ್ತೆ," ಎಂದ ಗಿಣಿ, ಗಂಭೀರವಾಗಿ.

ಮೂರನೆಯ ದಿನ ಬೆಳಿಗ್ಗೆ ಮೊದಲು ಸಿಕ್ಕಿದ್ದು ಮರಿ. ಬಂಡೆಯ ನೆರಳಿನಲ್ಲಿ ಮುದುಡಿ ಮಲಗಿತ್ತು. ಡಾಕ್ಟರಕ್ಕ ಮುಟ್ಟಿ ನೋಡಿ ಕೈ ಹಿಂದೆ ತೆಗೆದರು. "ತಾಯಿಗೆ ಹಾಲು ಬತ್ತಿದೆ," ಎಂದಷ್ಟೇ ಹೇಳಿದರು. ಗಿಣಿಯ ಬಾಯಲ್ಲಿ ಯಾರ ದನಿಯೂ ಬರಲಿಲ್ಲ.

ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ ತಾಯಿ ಇತ್ತು. ಗವಿಯ ಮುಂದಿನ ಬಯಲಿನಲ್ಲಿ ಸುತ್ತು ಹಾಕುತ್ತ, ಬಂಡೆಗೆ ಡಬ್ಬ ಬಡಿಯುತ್ತ ನಡೆಯುತ್ತಿತ್ತು. ಟಣ್. ಟಣ್. ಉಳಿದ ಮರಿ ಮೂಗಿನಲ್ಲಿ ಗುಂಯ್ಗುಡುತ್ತ ಡಬ್ಬವನ್ನು ನೆಕ್ಕುತ್ತಿತ್ತು.

ಮೂವತ್ತು ಹೆಜ್ಜೆ. ಗಾಳಿಯಿಲ್ಲ. ಸೋಡಾಬುಡ್ಡಿ ಉಸಿರು ಹಿಡಿದ.

ಫಟ್!

ಸೂಜಿ ಬಂಡೆಗೆ ಬಡಿದು ಮುರಿಯಿತು. ಎರಡು ಗೇಣು ಎಡಕ್ಕೆ.

"ಇನ್ನೊಂದು," ಎಂದು ಪಿಸುಗುಟ್ಟಿದರು ಡಾಕ್ಟರಕ್ಕ. ಇದ್ದದ್ದು ಮೂರೇ ಸೂಜಿಯ ಔಷಧ.

ಫಟ್!

ಇನ್ನೂ ಎಡಕ್ಕೆ. ಕರಡಿ ಬೆದರಿ, ಬಂಡೆ ತಡವಿಕೊಂಡು, ಮರಿಯೊಂದಿಗೆ ಗವಿಯೊಳಗೆ ಸೇರಿಕೊಂಡಿತು.

ಸೋಡಾಬುಡ್ಡಿ ರೈಫಲನ್ನು ನೆಲಕ್ಕಿಟ್ಟ. ಬಾವಿಯಲ್ಲಿ ತೇಲುತ್ತಿದ್ದ ಚಿರತೆಯ ಬೆನ್ನು ಕಣ್ಣಿಗೆ ಕಟ್ಟಿತು. "ನನ್ನ ಕೈಲಾಗಲ್ಲ ಅಕ್ಕ. ನನ್ನ ಕೈಯಲ್ಲೇ ಏನೋ ದೋಷ."

ಡಾಕ್ಟರಕ್ಕ ರೈಫಲು ಎತ್ತಿಕೊಂಡರು. ಒಂದು ಕಡೆ ಬೆರಳಿಟ್ಟರು. ಕೆಂಪು ಗೆರೆಯ ಒಂದು ತುಂಡು ಸ್ಕ್ರೂವಿನ ಮೇಲಿತ್ತು, ಇನ್ನೊಂದು ತುಂಡು ಪಟ್ಟಿಯ ಮೇಲೆ. ನಡುವೆ ಉಗುರಿನಗಲ ಅಂತರ. ಬಿಗಿ ಮಾಡಲು ಹೋದರೆ ಸ್ಕ್ರೂ ಸುಮ್ಮನೆ ತಿರುಗಿತು. ಅಲ್ಯೂಮಿನಿಯಮ್ಮಿನ ತಿರುಪಿನ ಸುತ್ತುಗಳು ಸವೆದು, ಪಟ್ಟಿ ಸೀಳಿತ್ತು.

"ಬರಿಗಣ್ಣಲ್ಲಿ ಹೊಡೀಬಹುದಾ?"

"ಗುರಿಮೊಳೆ ಮನೇಲಿದೆ," ಎಂದ ಸೋಡಾಬುಡ್ಡಿ. "ಭಾರ ಅಂತ."

ಗವಿಯೊಳಗಿಂದ ಟಣ್ ಟಣ್ ಬರುತ್ತಿತ್ತು, ನಿಧಾನವಾಗುತ್ತಿತ್ತು.

ಟೇಪಿನಲ್ಲಾದರೂ ಸುತ್ತಿ ನೋಡೋಣವೆಂದು ಸೋಡಾಬುಡ್ಡಿ ಚೀಲವನ್ನು ಬುಡಮೇಲು ಮಾಡಿದ. ಟೇಪಿನ ಜೊತೆ ಒಂದು ಕಲ್ಲು ಬಿತ್ತು. ಇನ್ನೊಂದು ಬಿತ್ತು. ಒಂಬತ್ತು ಬಿದ್ದವು, ಪ್ರತಿ ತಂಗುದಾಣದ್ದೂ ಒಂದೊಂದು.

ಸೋಡಾಬುಡ್ಡಿ ಒಂದು ಕಲ್ಲು ಕೈಗೆತ್ತಿಕೊಂಡು ಬಾಮೈದನತ್ತ ತಿರುಗಿದ. ಗಿಣಿ ಓಡಲಿಲ್ಲ, ಕಣ್ಣು ಮುಚ್ಚಿ ನಿಂತ.

"ಹೊಡಿ ಭಾವ. ಆದ್ರೆ ಮೊದಲು ಆ ಕಾಲುಚೀಲ ಬಿಚ್ಚು."

ಚೀಲದ ತಳದಲ್ಲಿ ಗಂಟು ಕಟ್ಟಿದ ಹಳೆಯ ಕಾಲುಚೀಲ. ಒಳಗೆ ಉಕ್ಕಿನ ಕೋಣ, ಅದಕ್ಕೆ ಅಂಟಿಸಿದ, ಸ್ಕ್ರೂ ತಿರುಗಿಸುವ ಅಲೆನ್ ಕೀ. "ಅಂಗಡೀಲಿ ನೀನು ಬೆನ್ನು ತಿರುಗಿಸಿದಾಗ ತಾತನ ಹತ್ರ ಇಸ್ಕೊಂಡೆ. ಮೊದಲನೇ ಕಲ್ಲು ಅದೇ. ತಮಾಷೆಗೆ ಭಾವ, ಸತ್ಯವಾಗ್ಲೂ ತಮಾಷೆಗೇ."

ಸೋಡಾಬುಡ್ಡಿ ಕಲ್ಲು ಕೆಳಗಿಟ್ಟ.

ಹೊಳೆಯ ಹಾಸಿಗೆ ಇಳಿದು, ಅನ್ನದ ಪಾತ್ರೆಯ ಮುಚ್ಚಳವನ್ನು ಮೂವತ್ತು ಹೆಜ್ಜೆ ದೂರ ನಿಲ್ಲಿಸಿದರು. ಉಕ್ಕಿನ ಮೌಂಟು ಕಚ್ಚಿ ಕೂತಿತು. ಉಗುರಿನ ಬಣ್ಣವಿರಲಿಲ್ಲ; ಗಾಯಕ್ಕೆ ಹಚ್ಚುವ ನೇರಳೆ ಔಷಧದಲ್ಲಿ ಡಾಕ್ಟರಕ್ಕ ಗೆರೆ ಎಳೆದರು. ಅಭ್ಯಾಸದ ಖಾಲಿ ಸೂಜಿ ಮೊದಲು ಮುಚ್ಚಳದ ಅಂಚಿಗೆ ತಾಗಿತು. ಸ್ಕೋಪಿನ ತಿರುಪು ತಿರುಗಿಸಿದ ಮೇಲೆ ನಡುವಿಗೆ. ಮತ್ತೂ ನಡುವಿಗೆ.

ಮೇಲೆ ಬರುವಷ್ಟರಲ್ಲಿ ಗವಿಯೊಳಗೆ ಸದ್ದೇ ನಿಂತಿತ್ತು.

"ಒಳಗೆ ಹೊಡೆಯೋಕಾಗಲ್ಲ, ಕತ್ತಲು," ಎಂದ ಸೋಡಾಬುಡ್ಡಿ. "ಹೊರಗೆ ಬರಬೇಕು."

ಡಾಕ್ಟರಕ್ಕ ಗಿಣಿಯನ್ನು ನೋಡಿದರು. "ಮರಿ ಕರೆದ್ರೆ ಬರುತ್ತೆ."

"ಮರಿ ಅದರ ಹತ್ರಾನೇ ಇದೆಯಲ್ಲ ಅಕ್ಕ."

"ಇನ್ನೊಂದು."

ಗಿಣಿಯ ಮುಖ ಬಿಳಚಿಕೊಂಡಿತು. ಜನರನ್ನು ನಗಿಸಲು ಅವನು ಎಷ್ಟೋ ದನಿ ಎತ್ತಿದ್ದ. ಈಗ ಬಂಡೆಯ ಹಿಂದೆ ಕೂತು, ಎರಡೂ ಕೈ ಬಾಯಿಗೆ ಹಿಡಿದು, ಸತ್ತ ಮರಿಯ ದನಿ ಎತ್ತಿದ. ಮೂಗಿನಲ್ಲಿ ಎಳೆದೆಳೆದು ಬರುವ ಸಣ್ಣ ಗುಂಯ್ಗುಡಿಕೆ.

ತಾಯಿ ಬಂತು. ತೆವಳುತ್ತ, ಕುರುಡಾಗಿ, ಡಬ್ಬ ನೆಲಕ್ಕೆ ಎಳೆಯುತ್ತ, ಆ ದನಿಯ ಕಡೆಗೆ ನೇರ ಬಂತು. ಗಿಣಿ ನಿಲ್ಲಿಸಲಿಲ್ಲ, ಕಣ್ಣೀರು ಕೈಮೇಲೆ ಸುರಿಯುತ್ತಿತ್ತು.

ಫಟ್!

ಸೂಜಿ ಭುಜದಲ್ಲಿ ನಿಂತಿತು.

ಹತ್ತು ನಿಮಿಷಕ್ಕೆ ಕರಡಿ ಮಲಗಿತು. ಗಿಣಿ ಗರಗಸ ಹಿಡಿದ, ಸೋಡಾಬುಡ್ಡಿ ಡಬ್ಬ ಹಿಡಿದ. ಒಳಗಿದ್ದ ಮುಖ ಬರೀ ಎಲುಬು. ನಾಲಗೆ ಒಣಗಿ ಚಕ್ಕೆಯಾಗಿತ್ತು. ಡಾಕ್ಟರಕ್ಕ ಚರ್ಮದಡಿಗೆ ಬಾಟಲಿಗಟ್ಟಲೆ ದ್ರವ ಏರಿಸಿದರು. ಕುಡಿಯುವ ನೀರನ್ನೆಲ್ಲ ಪಾತ್ರೆಗೆ ಸುರಿದು ಅದರ ಮೂತಿಯ ಬಳಿ ಇಟ್ಟರು. ಏಳುವ ಸೂಜಿ ಕೊಟ್ಟು ಮೂವರೂ ದೂರ ಸರಿದು ಕಾದರು. ಅದು ತಲೆ ಎತ್ತಿತು, ಬಿತ್ತು, ಮತ್ತೆ ಎತ್ತಿತು. ಕೊನೆಗೆ ನೀರು ನೆಕ್ಕುವ ಸದ್ದು ಕೇಳಿಸಿತು. ನೀರು ಮುಗಿದ ಮೇಲೆ ಅದು ಎದ್ದು, ದನಿ ಬಂದಿದ್ದ ಬಂಡೆಯ ಸುತ್ತ ಮೂಸಿ ಮೂಸಿ ನೋಡಿತು. ಆಮೇಲೆ ಉಳಿದ ಮರಿಯೊಂದಿಗೆ ಹೊರಟುಹೋಯಿತು.

ಇಳಿಯುವ ದಾರಿಯಲ್ಲಿ ಗಿಣಿ ಸತ್ತ ಮರಿಯನ್ನು ಮಣ್ಣು ಮಾಡಿ, ನರಿ ಕೆದಕದಂತೆ ಮೇಲೆ ಕಲ್ಲು ಹೇರಿದ. ಅವೇ ಕಲ್ಲುಗಳು. ಆಮೇಲೆ ಊರು ಮುಟ್ಟುವವರೆಗೆ ಕೆಮ್ಮಲಿಲ್ಲ, ಅಣಕಿಸಲಿಲ್ಲ. "ಚೀಲ ಈಗ ಹೂವಿನಂಗಿದೆ ಕಣೋ," ಎಂದು ಸೋಡಾಬುಡ್ಡಿಯೇ ಮಾತಿಗೆಳೆದರೂ ಹೂಂ ಎನ್ನಲಿಲ್ಲ. ತಮ್ಮನಿಗೆ ಏನಾಯಿತೆಂದು ಹೆಂಡತಿ ಕೇಳಿದರೆ ಏನು ಹೇಳುವುದೆಂದು ಭಾವನಿಗೆ ಚಿಂತೆಯಾಯಿತು.

ಅಂಗಡಿಯಲ್ಲಿ ತಾತ ಕೇಳಿದರು, "ಮರಿ?"

"ಒಂದು ಉಳೀತು ತಾತ."

ತಾತ ತಲೆಯಾಡಿಸಿದರು. ಸೀಳಿದ ಕುದುರೆಯನ್ನು ತೆಗೆದುಕೊಡಲು ಸೋಡಾಬುಡ್ಡಿ ಹಗುರ ಚೀಲದ ತಳಕ್ಕೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ತಣ್ಣನೆಯ ದುಂಡನೆಯ ವಸ್ತು. ಹೊರಗೆ ತೆಗೆದ. ಕಲ್ಲು. ತಕ್ಕಡಿಗೆ ಇಟ್ಟರೆ ಒಂದು ಕೆಜಿ ನೂರು ಗ್ರಾಂ.

"ಎಂಟೇ ಬೇಕಾಯ್ತು ಭಾವ," ಎಂದ ಗಿಣಿ, ನೆಲ ನೋಡುತ್ತ. "ಒಂಬತ್ತನೇದು ಮಿಕ್ತು. ಎಸೆಯೋಕೆ ಮನಸ್ಸಾಗಲಿಲ್ಲ. ಹೊರೋಕೂ ಮನಸ್ಸಾಗಲಿಲ್ಲ."

ಸೋಡಾಬುಡ್ಡಿ ಕಲ್ಲನ್ನು ನೋಡಿದ, ಬಾಮೈದನನ್ನು ನೋಡಿದ.

"ಖೊಳ್ ಖೊಳ್," ಎಂದಿತು ಸಣ್ಣ ದನಿ. "ಗೆರೆ ನೋಡ್ದ್ಯೇನೋ ಮಗಾ?"

"ಈ ಸಲ ನಾನು ಕೆಮ್ಮಲೇ ಇಲ್ಲ!" ಎಂದು ತಾತ ನಕ್ಕುಬಿಟ್ಟರು, ಡಾಕ್ಟರಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸೋಡಾಬುಡ್ಡಿ. ಪಕ್ಕದ ಬೀಗದವನು ಇಣುಕಿ ನೋಡುವಷ್ಟು, ದಪ್ಪ ಗಾಜು ಎರಡೂ ಮಂಜಾಗಿ ಏನೂ ಕಾಣದಷ್ಟು.